ಗುಂಯ್ ಅಂತ ಬಂತಾ?

ಕಾರು ಸ್ಟಾರ್ಟ್ ಆಗಲಿಲ್ಲ ಅಂದ್ರೆ ನಮ್ಮ ಹನುಮಂತನಗರದಲ್ಲಿ ಮೊದಲು ಕೇಳಿಬರುವ ಮಾತು ‘ಬ್ಯಾಟರಿ’. ಎರಡನೆಯದು ‘ತಳ್ಳೋಣ್ವಾ?’. ಹಾಲಿನ ಪ್ಯಾಕೆಟ್ ಹಿಡಿದು ಹೋಗುತ್ತಿದ್ದವರು, ವಾಕಿಂಗ್ ಮುಗಿಸಿ ಬಂದವರು, ಇಸ್ತ್ರಿ ಅಂಗಡಿಯವನು, ಎಲ್ಲರದ್ದೂ ಒಂದೇ ಮಾತು. ಹೆಡ್‌ಲೈಟು ಚೆನ್ನಾಗಿ ಉರೀತಿದೆ. ಸೆಲ್ಫೂ ಜೋರಾಗೇ ಹೊಡೀತಿದೆ. ಎಂಜಿನ್ ಹತ್ತಿಕೊಳ್ಳುತ್ತಿಲ್ಲ ಅಷ್ಟೇ. ಬ್ಯಾಟರಿ ಸತ್ತಿದ್ರೆ ಸೆಲ್ಫ್ ಹೇಗೆ ಹೊಡೀತಿತ್ತು ಸ್ವಾಮಿ? ಪೆಟ್ರೋಲೇ ಮೇಲೆ ಬರದಿದ್ರೆ ಕಾರನ್ನು ಮೈಸೂರಿನ ತನಕ ತಳ್ಳಿದ್ರೂ ಎಂಜಿನ್ ಎದ್ದೇಳಲ್ಲ. ಮೊನ್ನೆ ಶನಿವಾರ ಇದನ್ನೇ ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿತು. ಅತ್ತ ಕೆಂಗೇರಿಯಲ್ಲಿ ನಾಮಕರಣ. ಇತ್ತ ಹೆಂಡತಿ ರೇಷ್ಮೆ ಸೀರೆ ಉಟ್ಟು ಡ್ರೈವರ್ ಸೀಟಿನಲ್ಲಿ ಕೂತು ನಾನು ಹೇಳಿದಾಗೆಲ್ಲ ಕೀ ತಿರುಗಿಸುವ ಕೆಲಸ ಮಾಡುತ್ತಿದ್ದಳು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಸೆಲ್ಫ್ ಹೊಡೀಬೇಡಿ ಸಾರ್. ಸುಮ್ನೆ ಕೀ ಆನ್ ಮಾಡಿ, ಹಿಂದಿನ ಸೀಟಿಗೆ ಕಿವಿ ಇಡಿ. ಗುಂಯ್ ಅಂತ ಬರುತ್ತಾ?” ಅಂದ.

ವಿಷಯ ಇಷ್ಟೇ. ಪೆಟ್ರೋಲ್ ಪಂಪು ಇರೋದು ಟ್ಯಾಂಕಿನೊಳಗೆ, ಟ್ಯಾಂಕು ಇರೋದು ಹಿಂದಿನ ಸೀಟಿನ ಕೆಳಗೆ. ಕೀ ಆನ್ ಮಾಡಿದ ಕೂಡಲೇ ಅದು ಎರಡು ಮೂರು ಸೆಕೆಂಡ್ ಓಡಿ, ಪೈಪಿನಲ್ಲಿ ಒತ್ತಡ ತುಂಬಿಸಿ ನಿಂತುಬಿಡುತ್ತೆ. ಎಂಜಿನ್ ತಿರುಗಿದರೆ ಮಾತ್ರ ಮುಂದಕ್ಕೆ ಓಡುತ್ತೆ. ಆಕ್ಸಿಡೆಂಟ್ ಆಗಿ ಎಂಜಿನ್ ನಿಂತ ಮೇಲೂ ಇದು ಪೆಟ್ರೋಲ್ ಸುರೀತಾ ಕೂರಬಾರದಲ್ವಾ, ಅದಕ್ಕೆ. ಅಂದ್ರೆ ನನಗೆ ಬೇಕಿದ್ದದ್ದು ಎರಡು ಸೆಕೆಂಡಿನ ನಿಶ್ಶಬ್ದ. ಬೆಂಗಳೂರಿನಲ್ಲಿ, ಬೆಳಗ್ಗೆ ಒಂಬತ್ತಕ್ಕೆ.

ಮೊದಲ ಸಲ ಕೀ ಆನ್ ಮಾಡಿದಾಗ ಕಸದ ಆಟೋ ಹಾಡು ಹಾಕಿಕೊಂಡು ಬಂತು. ಅದು ಹೋಗಲಿ ಅಂತ ಕಾದರೆ ಎದುರು ಮನೆಯ ಕುಕ್ಕರ್ ಕೂಗಿತು. ಆಮೇಲೆ ಸೊಪ್ಪಿನವಳು. ಅವಳಿಗೆ ಕೈಮುಗಿದು ಒಂದು ನಿಮಿಷ ಸುಮ್ನಿರಮ್ಮ ಅಂದರೆ, “ಯಾಕಣ್ಣ, ಯಾರಾದ್ರೂ ಹೋಗ್ಬಿಟ್ರಾ?” ಅಂತ ಗಾಬರಿಯಾದಳು. ನಾನೋ ಹಿಂದಿನ ಬಾಗಿಲಿನಿಂದ ಕಾಲು ಹೊರಗೆ ಬಿಟ್ಟು, ಸೀಟಿನ ಮೇಲೆ ಕೆನ್ನೆ ಒತ್ತಿ ಬಿದ್ದುಕೊಂಡಿದ್ದೆ. ಅವಳು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಮೇಲಿನ ಮನೆ ರಾಯರು ಇಳಿದು ಬಂದರು. ಬನಿಯನ್ನು, ಪಂಚೆ, ಕೈಯಲ್ಲಿ ಟಾರ್ಚು. ಹಗಲಲ್ಲೂ ಟಾರ್ಚು. ಕಿವಿಗೆ ಹಾಕೋ ಮೆಷಿನ್ನು ಮಾತ್ರ ಮನೆಯಲ್ಲೇ, ಸೆಲ್ ಉಳಿಸೋಕೆ. ಇನ್ನೊಂದು ಬಾಗಿಲು ತೆಗೆದು ಅವರೂ ಸೀಟಿಗೆ ಕಿವಿ ಇಟ್ಟರು. ನಮ್ಮಿಬ್ಬರ ಮೂಗಿನ ನಡುವೆ ಸ್ಪೀಕರ್ ಹಾಕಿದ ಫೋನು.

ಹೆಂಡತಿ ಕೀ ಹಾಕಿದಳು.

“ಬಂತು!” ಅಂದರು ರಾಯರು.

“ಬಂದ್ರೆ ಪಂಪ್ ಓಕೆ ಸಾರ್. ಪ್ಲಗ್ ಬಿಚ್ಚಿ ನೋಡ್ಬೇಕು” ಅಂತು ಫೋನು.

“ಬಂದಿಲ್ಲ ಕಣಪ್ಪಾ!” ಅಂದೆ.

“ನನಗೆ ಕೇಳಿಸ್ತಲ್ಲ. ಸಣ್ಣಗೆ ಬಂತು.”

ಮತ್ತೆ ಕೀ. ಮತ್ತೆ ‘ಬಂತು’. ಮೆಕ್ಯಾನಿಕ್ ಪ್ಲಗ್ಗಿನಿಂದ ಕಾಯಿಲ್‌ಗೆ, ಕಾಯಿಲ್‌ನಿಂದ ಸೆನ್ಸರ್‌ಗೆ ಜಾರುತ್ತಾ ಹೋದ. ಅವನು ಒಂದೊಂದರ ಹೆಸರು ಹೇಳಿದಾಗಲೂ ನನ್ನ ಜೇಬಿನಿಂದ ಒಂದೊಂದು ಸಾವಿರ ಹೋದಂತಾಗುತ್ತಿತ್ತು. ಕೊನೆಗೆ ಹೆಂಡತಿಗೆ ಕಣ್ಸನ್ನೆ ಮಾಡಿದೆ. ಅವಳು ಕೀ ಮುಟ್ಟದೆ “ಹಾಕ್ದೆ” ಅಂದಳು.

“ಬಂತು! ಈ ಸಲ ಇನ್ನೂ ಜೋರು” ಅಂದರು ರಾಯರು.

ಹೆಂಡತಿ ಒಂದೂ ಮಾತಾಡದೆ ಕೆಳಗಿಳಿದು, ಆಟೋ ಹಿಡಿದು ಕೆಂಗೇರಿಗೆ ಹೊರಟಳು. ರಾಯರನ್ನು ಬೈಯೋಣ ಅಂದ್ರೆ ಬಾಯಿ ಬರಲ್ಲ. ಅವರಿಗೂ ಕಾರಿತ್ತು, ಕಾರ್ಬ್ಯುರೇಟರ್ ಕಾಲದ್ದು. ಅದರಲ್ಲಿ ಪಂಪು ಎಂಜಿನ್ ಪಕ್ಕದಲ್ಲೇ, ಕಣ್ಣೆದುರಿಗೆ. ಎಂಜಿನ್ ತಿರುಗಿದರೆ ಅದೂ ಕುಟ್ಟುತ್ತಿತ್ತು. ವೈರಿಲ್ಲ, ಪಂಪಿಗೆ ಕರೆಂಟ್ ಬಿಡೋ ರಿಲೇ ಅನ್ನೋ ಸ್ವಿಚ್ಚೂ ಇಲ್ಲ. ಚಳಿಗಾಲದಲ್ಲಿ ಚೋಕ್ ಎಳೆದು ಅವರು ಅದನ್ನು ಎಬ್ಬಿಸುವ ಸದ್ದಿಗೆ ನಮ್ಮ ಬೀದಿಯೇ ಏಳುತ್ತಿತ್ತು. ಇನ್ನು ಓಡಿಸಬೇಡಿ ಅಂತ ಮಗ ಹಟ ಹಿಡಿದು ಮಾರಿಸಿದ ಮೇಲೆ, ಬೀದಿಯಲ್ಲಿ ಯಾರದ್ದೇ ಬಾನೆಟ್ ಎದ್ದರೂ ರಾಯರು ಟಾರ್ಚ್ ಹಿಡಿದು ಹಾಜರು. ಗೊತ್ತು. ಗೊತ್ತಿದ್ರೂ ಆ ‘ಬಂತು’ ಕೇಳಿದರೆ ಪಿತ್ತ ನೆತ್ತಿಗೇರುತ್ತೆ.

ಮೆಕ್ಯಾನಿಕ್ ಸ್ಕೂಟರಲ್ಲಿ ಬಂದ. ಹಿಂದಿನ ಸೀಟು ಎತ್ತಿದ. ಕಡಲೆಕಾಯಿ ಸಿಪ್ಪೆ, ಎರಡು ರೂಪಾಯಿ ನಾಣ್ಯ, ಹೆಂಡತಿ ಮನೆಯೆಲ್ಲಾ ಹುಡುಕಿದ್ದ ಓಲೆಯ ತಿರುಪು ಸಿಕ್ಕವು. ಪಂಪಿನ ಸಾಕೆಟ್ ಬಿಚ್ಚಿ, ವೈರು ಕಟ್ಟಿದ ಪುಟ್ಟ ಬಲ್ಬನ್ನು ಚುಚ್ಚಿ, “ಕೀ ಹಾಕಿ” ಅಂದ. ಬಲ್ಬು ಉರಿಯಲಿಲ್ಲ.

“ಕರೆಂಟೇ ಬರ್ತಿಲ್ಲ ಸಾರ್. ಪಾಪ, ಪಂಪ್‌ದೇನು ತಪ್ಪು?”

ಬಾನೆಟ್ ಕೆಳಗಿನ ಡಬ್ಬಿ ತೆಗೆದ. ಫ್ಯೂಸು ಸರಿಯಿತ್ತು. ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ರಿಲೇ. ಅದರ ಮೇಲೆ ಬೆರಳಿಟ್ಟು ಮತ್ತೆ ಕೀ ಹಾಕಿಸಿದ. “ಟಕ್ ಅನ್ಬೇಕಿತ್ತು, ಅಂತಿಲ್ಲ.” ಹಾರ್ನಿನ ರಿಲೇನೂ ಅದೇ ನಮೂನೆ. ಅದನ್ನು ಕಿತ್ತು ಇದರ ಜಾಗಕ್ಕೆ ಒತ್ತಿದ.

ಕೀ ಹಾಕಿದೆ. ಗುಂಯ್ಯ್. ಅಷ್ಟು ವರ್ಷ ಓಡಿಸಿದ್ರೂ ಆ ಶಬ್ದವನ್ನು ನಾನು ಕಿವಿಗೊಟ್ಟು ಕೇಳಿದ್ದು ಅವತ್ತೇ. ಎಂಜಿನ್ ಒಂದೇ ಏಟಿಗೆ ಎದ್ದಿತು.

“ಆಗಿಂದ ಬರ್ತಿದ್ದದ್ದೂ ಇದೇ” ಅಂದರು ರಾಯರು.

“ಜೆ.ಸಿ. ರಸ್ತೆಗೆ ಹೋಗಿ ಒಂದು ರಿಲೇ ತನ್ನಿ, ಜಾಸ್ತಿ ಆಗಲ್ಲ” ಅಂತ ಮೆಕ್ಯಾನಿಕ್ ಹೊರಟ. ಜಾಸ್ತಿ ಆಗಲ್ಲ, ನಿಜ. ಆದ್ರೆ ಅಲ್ಲಿಯವರೆಗೆ ಹೋಗೋದು ಹೇಗೆ? ಬೆಂಗಳೂರಿನಲ್ಲಿ ಬ್ರೇಕ್ ಇಲ್ಲದ ಕಾರಿಗೂ ಜನ ದಾರಿ ಬಿಟ್ಟಾರು, ಹಾರ್ನ್ ಇಲ್ಲದ ಕಾರಿಗೆ ಬಿಡಲ್ಲ. “ನಾನಿದೀನಲ್ಲ” ಅಂದ ರಾಯರು ಷರ್ಟ್ ಹಾಕಿಕೊಂಡು ಬಂದು ಮುಂದೆ ಕೂತರು.

ಮಿನರ್ವ ಸರ್ಕಲ್ ತನಕ ಅರ್ಧ ಮೈ ಕಿಟಕಿಯ ಹೊರಗೆ. ಬಾಗಿಲನ್ನು ಪಟಪಟ ಬಡಿದು, “ಸೈಡ್! ಸೈಡ್ ಬಿಡ್ರೀ! ಏ ಹುಡುಗಾ, ಮೊಬೈಲ್ ಒಳಗಿಡೋ!” ಆಟೋದವರೂ ಪಕ್ಕಕ್ಕೆ ಸರಿದರು. ಇಷ್ಟು ವರ್ಷ ಹಾರ್ನ್ ಒತ್ತಿದಾಗ ಆಟೋದವರು ನನಗೆ ಈ ಮರ್ಯಾದೆ ಕೊಟ್ಟಿದ್ದಿಲ್ಲ.

ಅಂಗಡಿಯ ಮುಂದೆಯೇ ಹೊಸ ರಿಲೇ ಹಾಕಿ, ಹಾರ್ನ್ ಒತ್ತಿದೆ. ಫುಟ್‌ಪಾತಿನಲ್ಲಿ ಟೀ ಕುಡಿಯುತ್ತಿದ್ದವನು ಬೆಚ್ಚಿಬಿದ್ದು ಲೋಟ ಚೆಲ್ಲಿಕೊಂಡ.

“ಬರ್ತಿಲ್ಲ” ಅಂದರು ರಾಯರು, ಕಿಟಕಿಯ ಗಾಜು ಇಳಿಸುತ್ತಾ.