ರೆಸಿಪಿ ಎಲ್ಲಾ ಕಡೆ ಸಿಗುತ್ತದೆ, ಅಡುಗೆಯ ಜೊತೆಗಾರರು ಸಿಗಬೇಕು

ಅಡುಗೆಯ ಹವ್ಯಾಸ ಹತ್ತಿಕೊಂಡಿದೆ, ಮುಂದೆ ಏನು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು. ಹೊಸ ಬಾಣಲೆ ಆಮೇಲೆ ಕೊಳ್ಳಿ, ಓವನ್ ಆಮೇಲೆ ನೋಡಿಕೊಳ್ಳಿ, ಮೊದಲು ನಿಮ್ಮಷ್ಟೇ ಅಡುಗೆಯ ಹುಚ್ಚಿರುವ ನಾಲ್ಕು ಜನರ ಜೊತೆ ಸೇರಿಕೊಳ್ಳಿ. ಆನ್‌ಲೈನ್‌ನಲ್ಲಿ ಅಂಥ ಬಳಗಗಳು ಬೇಕಾದಷ್ಟಿವೆ. ಅದನ್ನು ಸುಮ್ನೆ ಹೊತ್ತು ಕಳೆಯುವ ಜಾಗ ಅಂದುಕೊಳ್ಳಬೇಡಿ. ಕೈ ಪಳಗುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಮನೆಯವರು ಉಣ್ಣುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಎದ್ದು ಹೋಗುತ್ತಾರೆ. ಹಸಿದು ಕೂತವರಿಗೆ ಊಟ ಬೇಕು, ಈರುಳ್ಳಿ ಇವತ್ತು ಯಾಕೆ ತಡವಾಗಿ ಕೆಂಪಾಯಿತು ಅನ್ನುವ ಚರ್ಚೆ ಬೇಡ. ಅದು ಸಹಜವೇ. ಆದರೆ ಇಷ್ಟಪಟ್ಟು ಅಡುಗೆ ಮಾಡುವವರ ತಲೆಯಲ್ಲಿ ಆ ಪ್ರಶ್ನೆ ಪಾತ್ರೆ ತೊಳೆದಿಟ್ಟ ಮೇಲೂ ಸುತ್ತುತ್ತಲೇ ಇರುತ್ತದೆ. ಅದನ್ನು ಕೇಳುವುದಕ್ಕೆ ಯಾರಾದರೂ ಬೇಕು ಅಲ್ವಾ? ಕೇಳಿದರೆ "ಅದರಲ್ಲೇನಿದೆ" ಅನ್ನದೆ, "ಹೌದಾ, ಬಾಣಲೆ ಎಷ್ಟು ದೊಡ್ಡದು?" ಅಂತ ತಿರುಗಿ ಕೇಳುವವರು.

ರೆಸಿಪಿಗೋಸ್ಕರ ಸೇರಿ ಅಂತ ನಾನು ಹೇಳುತ್ತಿಲ್ಲ. ರೆಸಿಪಿ ಈಗ ಎಲ್ಲಿ ಹುಡುಕಿದರೂ ಸಿಗುತ್ತದೆ. ಅದೇ ರೆಸಿಪಿ ನಮ್ಮ ಒಲೆಯ ಮೇಲೆ ಯಾಕೆ ಬೇರೆ ಥರ ಆಯಿತು ಅನ್ನುವುದಕ್ಕೆ ಉತ್ತರ ಮಾತ್ರ ಎಲ್ಲೂ ಬರೆದಿರುವುದಿಲ್ಲ. ಅದು ಸಿಗುವುದು ಬೇರೆ ಅಡುಗೆಯವರ ಹತ್ತಿರ.

ಒಣ ಕಾಳಿನ ವಿಷಯವನ್ನೇ ತೆಗೆದುಕೊಳ್ಳಿ. ರಾತ್ರಿಯಿಡೀ ನೆನೆಸಿದ್ದೇನೆ, ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬೇಯಿಸಿದ್ದೇನೆ, ಆದರೂ ಗಟ್ಟಿಯಾಗಿಯೇ ಉಳಿದಿದೆ ಅನ್ನುವ ದೂರು ಇಂಥ ಬಳಗಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಬ್ಬರೇ ಇದ್ದಾಗ ನಾವೇನು ಮಾಡುತ್ತೇವೆ? ಕಾಳು ಸರಿಯಿಲ್ಲ ಅಂತ ಬೈದು ಸುಮ್ಮನಾಗುತ್ತೇವೆ. ಬಳಗದಲ್ಲಿ ಹಾಗೆ ಮುಗಿಯುವುದಿಲ್ಲ. ನೀರು ಎಂಥದ್ದು ಅಂತ ಒಬ್ಬರು ಕೇಳುತ್ತಾರೆ, ಯಾಕೆಂದರೆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಕಣಗಳನ್ನು ಅಂಟಿನ ಹಾಗೆ ಹಿಡಿದಿಡುವ ಪೆಕ್ಟಿನ್ ಜೊತೆ ಸೇರಿಕೊಂಡು ಅದನ್ನು ಇನ್ನಷ್ಟು ಬಿಗಿಯಾಗಿಸುತ್ತವೆ, ಎಷ್ಟು ಕುದಿಸಿದರೂ ಅದು ಬೇಗ ಸಡಿಲವಾಗುವುದಿಲ್ಲ. ಹುಳಿ ಯಾವಾಗ ಹಾಕಿದಿರಿ ಅಂತ ಇನ್ನೊಬ್ಬರು ಕೇಳುತ್ತಾರೆ. ಹುಳಿ ಮೊದಲೇ ಬಿದ್ದರೆ ಕಾಳು ಮೆತ್ತಗಾಗುವುದು ತಡವಾಗುತ್ತದೆ, ಹಾಗಾಗಿ ಟೊಮೆಟೊ ಆಗಲಿ ನಿಂಬೆ ಆಗಲಿ ಕಾಳು ಬೆಂದ ಮೇಲೆಯೇ ಬೀಳಬೇಕು. ಮತ್ತೊಬ್ಬರು ಕಾಳು ಎಷ್ಟು ಹಳೆಯದು, ಎಲ್ಲಿ ಇಟ್ಟಿದ್ದಿರಿ ಅಂತ ವಿಚಾರಿಸುತ್ತಾರೆ. ಸೆಖೆ ಮತ್ತು ತೇವ ಇರುವ ಕಡೆ ತಿಂಗಳುಗಟ್ಟಲೆ ಕೂತ ಕಾಳು ಬೇಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಬೆಟ್ಟದ ಮೇಲೆ ಮನೆ ಇರುವವರು ತಮ್ಮ ಅನುಭವ ಹೇಳುತ್ತಾರೆ. ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 1500 ಮೀಟರ್ ಎತ್ತರದಲ್ಲಿ ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಅಲ್ಲಿ ಉರಿ ಎಷ್ಟು ಜಾಸ್ತಿ ಮಾಡಿದರೂ ತೆರೆದ ಪಾತ್ರೆಯ ನೀರಿನ ಬಿಸಿ ಅದಕ್ಕಿಂತ ಏರುವುದಿಲ್ಲ. ಒತ್ತಡದಿಂದ ಒಳಗಿನ ಬಿಸಿಯನ್ನು ಸುಮಾರು 120 ಡಿಗ್ರಿವರೆಗೆ ಏರಿಸುವ ಕುಕ್ಕರ್ ಅಂಥ ಕಡೆ ಎಷ್ಟು ದೊಡ್ಡ ಆಸರೆ ಅಂತ ಆಗ ಅರ್ಥವಾಗುತ್ತದೆ.

ಆನ್‌ಲೈನ್ ಬಳಗ ಯಾಕೆ ಬೇಕು ಅನ್ನುವುದಕ್ಕೆ ನನ್ನ ಕಾರಣ ಇರುವುದು ಇಲ್ಲೇ. ಪಕ್ಕದ ಮನೆಯವರನ್ನು ಕೇಳಿದರೆ ಅವರದ್ದೂ ಅದೇ ನೀರು, ಅದೇ ಎತ್ತರ, ಹೆಚ್ಚುಕಡಿಮೆ ಅದೇ ಕಾಳು. ಅವರ ಮನೆಯಲ್ಲೂ ಬೇಯುವುದಿಲ್ಲ, ಹಾಗಾಗಿ ಕಾಳು ಇರುವುದೇ ಹೀಗೆ ಅಂತ ಇಬ್ಬರೂ ನಂಬಿಬಿಡುತ್ತೀರಿ. ಬೇರೆ ನೀರು ಕುಡಿಯುವ, ಬೇರೆ ಒಲೆ ಉರಿಸುವ ಜನ ಒಂದೇ ಕಡೆ ಸೇರಿದಾಗ ಮಾತ್ರ ವ್ಯತ್ಯಾಸ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ.

ಆದರೆ ಒಂದು ಷರತ್ತಿದೆ. ಎಲ್ಲರೂ ವಿವರ ಹೇಳಬೇಕು. "ಒಂದು ಕಪ್ ಹಿಟ್ಟು" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಕಪ್ ಅಂದರೆ ಕೆಲವರಿಗೆ 240 ಮಿಲಿಲೀಟರ್, ಕೆಲವರಿಗೆ 250, ಇನ್ನು ಕೆಲವರಿಗೆ ಮನೆಯಲ್ಲಿ ಕಾಫಿ ಕುಡಿಯುವ ಲೋಟ. ಅದೇ ಕಪ್‌ನಲ್ಲಿ ಮೈದಾವನ್ನು ಚಮಚದಿಂದ ಮೆಲ್ಲಗೆ ತುಂಬಿದರೆ ಸುಮಾರು 120 ಗ್ರಾಂ ಹಿಡಿಯುತ್ತದೆ, ಡಬ್ಬಿಯಲ್ಲಿ ಮುಳುಗಿಸಿ ಒತ್ತಿ ತೆಗೆದರೆ 150 ಗ್ರಾಂ ಆದರೂ ಆದೀತು. ಕೇಕ್ ಗಟ್ಟಿಯಾಯಿತು ಅಂತ ಬೇಸರ ಪಡುವವರಲ್ಲಿ ಎಷ್ಟೋ ಜನರ ಸಮಸ್ಯೆ ಈ 30 ಗ್ರಾಂ ಒಳಗೆ ಅಡಗಿರುತ್ತದೆ. ದೊಡ್ಡ ಚಮಚದ ಅಳತೆ ಹೆಚ್ಚಿನ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಉಪ್ಪಂತೂ ಇನ್ನೂ ಕಷ್ಟ. ನುಣ್ಣನೆಯ ಪುಡಿ ಉಪ್ಪು ಒಂದು ಸಣ್ಣ ಚಮಚಕ್ಕೆ ಸುಮಾರು 6 ಗ್ರಾಂ ತೂಗುತ್ತದೆ. ಪದರುಪದರಾಗಿರುವ ಹಗುರವಾದ ಉಪ್ಪಾದರೆ ಅದರ ಅರ್ಧದಷ್ಟೇ ಇರಬಹುದು. ಒಂದೇ ರೆಸಿಪಿ ಓದಿದ ಇಬ್ಬರಲ್ಲಿ ಒಬ್ಬರಿಗೆ ಸಪ್ಪೆ, ಇನ್ನೊಬ್ಬರಿಗೆ ಬಾಯಿಗಿಡಲಾಗದಷ್ಟು ಉಪ್ಪು. ಇಬ್ಬರೂ ಬರೆದದ್ದನ್ನೇ ಮಾಡಿದ್ದಾರೆ.

ಅದಕ್ಕೇ ನಾನು ಪದೇ ಪದೇ ಒತ್ತಿ ಹೇಳುವುದು, ಅಡುಗೆಮನೆಯಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ಇರಲಿ ಅಂತ. ದಿನದ ಅಡುಗೆಗೆ ಕಣ್ಣಳತೆ ಸಾಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಕೈರುಚಿ ಅನ್ನುವುದನ್ನು ನಾನೂ ಮನಸಾರೆ ನಂಬುತ್ತೇನೆ. ಆದರೆ ನಿಮ್ಮ ಕೈಯಲ್ಲಿರುವುದು ಇನ್ನೊಬ್ಬರ ಕೈಗೆ ದಾಟಬೇಕಾದರೆ ಗ್ರಾಂ ಬೇಕು. ತೂಕ ಬರೆದು ಹಂಚುವವರು ಓದುವವರ ಮೇಲೆ ಪ್ರೀತಿ ಇಟ್ಟು ಬರೆಯುತ್ತಿದ್ದಾರೆ ಅಂತಲೇ ನಾನು ತಿಳಿಯುತ್ತೇನೆ.

ಈರುಳ್ಳಿಗೆ ಬರುತ್ತೇನೆ. "5 ನಿಮಿಷ ಹುರಿದರೆ ಕಂದು ಬಣ್ಣ ಬರುತ್ತದೆ" ಅಂತ ಎಷ್ಟು ಕಡೆ ಓದಿಲ್ಲ ನಾವು! ಬರುವುದಿಲ್ಲ. ಈರುಳ್ಳಿಯ ತೂಕದಲ್ಲಿ ನೂರಕ್ಕೆ ಹೆಚ್ಚೂಕಡಿಮೆ 90 ಪಾಲು ನೀರೇ. ಆ ನೀರು ಇರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನಮಗೆ ಬೇಕಾದ ಕಂದು ಬಣ್ಣ ಮತ್ತು ಘಮ ಜೋರಾಗಿ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದ, ಸಕ್ಕರೆ ಮತ್ತು ಅಮೈನೋ ಆಮ್ಲಗಳ (ಪ್ರೋಟೀನಿನ ಘಟಕಗಳು) ನಡುವಿನ ಕ್ರಿಯೆ ಇದರ ಹಿಂದಿದೆ. ಬ್ರೆಡ್ಡಿನ ಮೇಲ್ಪದರ, ಹುರಿದ ಕಾಫಿ ಬೀಜ, ಸುಟ್ಟ ಮಾಂಸ ಎಲ್ಲದರ ಘಮದಲ್ಲೂ ಅದರದ್ದೇ ದೊಡ್ಡ ಪಾಲು. ಇಷ್ಟು ಗೊತ್ತಾದರೆ ಎಷ್ಟು ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ ನೋಡಿ. ಸಣ್ಣ ಬಾಣಲೆಗೆ ಜಾಸ್ತಿ ಈರುಳ್ಳಿ ತುಂಬಿದರೆ ಅದು ತನ್ನ ನೀರಿನಲ್ಲೇ ಬೇಯುತ್ತದೆ, ಹುರಿಯುವುದಿಲ್ಲ. ತೊಳೆದ ತರಕಾರಿಯನ್ನು ಒರೆಸದೆ ಹಾಕಿದರೂ ಅದೇ ಕಥೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಣ್ಣ ಬೇಗ ಬರುತ್ತದೆ, ಆದರೆ ಈರುಳ್ಳಿ ಕರಗಿ ಮುದ್ದೆಯಾಗುತ್ತದೆ. ಹದವಾಗಿ, ಸಿಹಿಯಾಗಿ, ಗಾಢ ಕಂದು ಬಣ್ಣಕ್ಕೆ ಬರಬೇಕಾದರೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಕಾದೀತು. ಹೊಸಬರಿಗೆ ಇದನ್ನು ನೇರವಾಗಿ ಹೇಳುವವರು ಬೇಕು. 5 ನಿಮಿಷಕ್ಕೆ ಆಗಲಿಲ್ಲ ಅಂತ ತಮ್ಮ ಕೈಯನ್ನೇ ಅನುಮಾನಿಸಿ ಅಡುಗೆ ಬಿಟ್ಟುಬಿಡುವವರು ಎಷ್ಟೋ ಜನ ಇರುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುವುದು ಅಲ್ಲಿ.

ರುಚಿಯ ಬಗ್ಗೆ ಜಗಳ ನಡೆಯುತ್ತದಲ್ಲ, ಅದರ ಬಗ್ಗೆಯೂ ಒಂದು ಮಾತು. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನುವ ರಾಸಾಯನಿಕದ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರು ಬಾಯೆಲ್ಲ ಕಹಿ ಅಂದರು, ಫಾಕ್ಸ್ ಅವರಿಗೆ ಏನೂ ಅನಿಸಲಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಆ ಕಹಿ ಗೊತ್ತಾಗುವುದು ಬಿಡುವುದು ಬಹುಮಟ್ಟಿಗೆ ಹುಟ್ಟಿನಿಂದ ಬಂದ ಒಂದು ಜೀನ್ ಮೇಲೆ ನಿಂತಿದೆ ಅಂತ ಆಮೇಲೆ ತಿಳಿಯಿತು. ಕೊತ್ತಂಬರಿ ಸೊಪ್ಪು ಸೋಪಿನ ವಾಸನೆ ಬರುತ್ತದೆ ಅನ್ನುವವರೂ ನಾಟಕ ಮಾಡುತ್ತಿಲ್ಲ, ಅವರಿಗೆ ಹಾಗೆಯೇ ಬರುತ್ತದೆ. ಹಾಗಿರುವಾಗ "ನಿನಗೆ ರುಚಿಯೇ ಗೊತ್ತಿಲ್ಲ" ಅನ್ನುವ ಮಾತು ಬೇಡ. ಬಳಗದಲ್ಲಿ ಅಂಥ ಒಂದು ಮಾತು ಬಿದ್ದರೆ ಹತ್ತು ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆದರೆ ಒಂದು ವಿಷಯದಲ್ಲಿ ಮಾತ್ರ ಯಾರ ಮನಸ್ಸಿಗೆ ನೋವಾದರೂ ಪರವಾಗಿಲ್ಲ, ಗಟ್ಟಿಯಾಗಿ ಹೇಳಲೇಬೇಕು. ಅಪಾಯದ ವಿಷಯ. ಕೆಂಪು ರಾಜ್ಮಾವನ್ನು ನೆನೆಸಿ ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಿ ಅಂತ ಯಾರಾದರೂ ಬರೆದರೆ ಸುಮ್ಮನೆ ಇರಬೇಡಿ. ಹಸಿ ರಾಜ್ಮಾದಲ್ಲಿ ಫೈಟೋಹಿಮಾಗ್ಲುಟಿನಿನ್ ಅನ್ನುವ ವಿಷಕಾರಿ ಪ್ರೋಟೀನ್ (ಒಂದು ಬಗೆಯ ಲೆಕ್ಟಿನ್) ಇದೆ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಯಲ್ಲಿ ಜೋರಾಗಿ ವಾಂತಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಬೇಕು, ಆ ನೀರು ಚೆಲ್ಲಬೇಕು, ಹೊಸ ನೀರಿನಲ್ಲಿ ಕಡಿಮೆ ಅಂದರೂ 10 ನಿಮಿಷ ಕುದಿಸಬೇಕು, 30 ನಿಮಿಷವಾದರೆ ಇನ್ನೂ ನಿಶ್ಚಿಂತೆ. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಆ ವಿಷ ಹೋಗುವುದಿಲ್ಲ, ಇನ್ನೂ ಹೆಚ್ಚಾಗಬಹುದು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ವಾರಗಟ್ಟಲೆ ಇಡುವುದೂ ಹಾಗೆಯೇ. ಎಣ್ಣೆಯೊಳಗೆ ಗಾಳಿಯಾಡುವುದಿಲ್ಲ, ಬಾಟ್ಯುಲಿಸಂ ಅನ್ನುವ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಅದೇ ಬೇಕು, ಮತ್ತು ಅದರ ವಿಷಕ್ಕೆ ವಾಸನೆ ಇರಲೇಬೇಕು ಅಂತಿಲ್ಲ. ಉಳಿದ ಅನ್ನದ ಬಗ್ಗೆಯೂ ಜನ ಹಗುರವಾಗಿ ಮಾತಾಡುತ್ತಾರೆ. ಬೇಯಿಸಿದರೂ ಸಾಯದ, ಬ್ಯಾಸಿಲಸ್ ಸಿರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಹೊರಗೆ ಉಳಿದಾಗ ಮೊಳೆತು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ. ಬೆಂದ ಆಹಾರ 2 ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು, 5 ಡಿಗ್ರಿಗಿಂತ ಕೆಳಗೆ ಅಥವಾ 60 ಡಿಗ್ರಿಗಿಂತ ಮೇಲೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. "ನಾವು ಯಾವತ್ತೂ ಹೀಗೇ ಮಾಡೋದು, ಏನೂ ಆಗಿಲ್ಲ" ಅನ್ನುವ ಉತ್ತರ ಖಂಡಿತ ಬರುತ್ತದೆ. ಬರಲಿ. ನೀವು ಬರೆದದ್ದನ್ನು ಓದಿ ಮಗುವಿಗೆ ಊಟ ಕೊಡುವವರು ಇರುತ್ತಾರೆ.

ಇನ್ನು ಬರೀ ಫೋಟೋ ಹಾಕುವುದು, ಕೆಳಗೆ ಎಲ್ಲರೂ "ಸೂಪರ್" ಅನ್ನುವುದು. ಹೊಗಳಿಕೆ ಯಾರಿಗೆ ಬೇಡ ಹೇಳಿ, ಮಾಡಿದವರಿಗೆ ಅದರಿಂದ ಹುರುಪು ಬರುತ್ತದೆ. ಆದರೆ ಒಂದು ಸಾಲು ಜಾಸ್ತಿ ಬರೆಯಿರಿ. ಈ ಬಣ್ಣ ಎಷ್ಟು ಹೊತ್ತಿಗೆ ಬಂತು, ಯಾವ ಪಾತ್ರೆ, ಮುಚ್ಚಿದ್ದಿರಾ ತೆರೆದಿದ್ದಿರಾ ಅಂತ ಕೇಳಿ. ಫೋಟೋ ಹಾಕಿದವರಿಗೆ ಆ ಪ್ರಶ್ನೆಯಿಂದ ಹೊಗಳಿಕೆಗಿಂತ ಹೆಚ್ಚು ಖುಷಿಯಾಗುತ್ತದೆ. ತಾವು ಪಟ್ಟ ಶ್ರಮವನ್ನು ಯಾರೋ ಗಮನಿಸಿದ್ದಾರೆ ಅಂತ ಗೊತ್ತಾಗುತ್ತದೆ. ಮತ್ತೆ, ಇನ್ನೊಬ್ಬರಿಂದ ಕಲಿತ ಅಡುಗೆಯಾದರೆ ಅವರ ಹೆಸರು ಹೇಳಿ. ಅದರಿಂದ ಯಾರದ್ದೂ ಏನೂ ಕಡಿಮೆಯಾಗುವುದಿಲ್ಲ.

ಸೇರಿದ ಮೇಲೆ ತಿಂಗಳುಗಟ್ಟಲೆ ಸುಮ್ಮನೆ ಓದುತ್ತಾ ಕೂರುವವರಿಗೂ ಹೇಳುತ್ತೇನೆ, ನೀವು ಮಾತಾಡಿ. ದೊಡ್ಡ ಅಡುಗೆಯೇ ಆಗಬೇಕು ಅಂತಿಲ್ಲ. ಮೊಟ್ಟೆಯ ಬಿಳಿಭಾಗ ಗಟ್ಟಿಯಾಗಿ ಹಳದಿ ಮಾತ್ರ ಹರಿಯುವ ಹಾಗೆ ಹೇಗೆ ಬೇಯಿಸುವುದು ಅಂತ ಕೇಳಿ ನೋಡಿ, ಎಂಥ ಅನುಭವಿಗಳೂ ಓಡಿ ಬರುತ್ತಾರೆ. ಕೇಳುವಾಗ ಒಲೆ ಎಂಥದ್ದು, ಪಾತ್ರೆ ದಪ್ಪವೋ ತೆಳುವೋ, ಎಷ್ಟು ಗ್ರಾಂ, ಎಷ್ಟು ಹೊತ್ತು, ಕೊನೆಗೆ ಹೇಗಿತ್ತು ಅಂತ ಬರೆದರೆ ಉತ್ತರ ಕೊಡುವವರಿಗೆ ಸುಲಭ.

ಉತ್ತರ ಸಿಕ್ಕ ಮೇಲೆ ಮಾಯವಾಗಬೇಡಿ. ನನ್ನನ್ನು ತುಂಬಾ ಕಾಡುವ ವಿಷಯ ಇದು. ಒಬ್ಬರು ಕೇಳುತ್ತಾರೆ, ಹತ್ತು ಜನ ತಮ್ಮ ಕೆಲಸ ಬಿಟ್ಟು ಉದ್ದುದ್ದ ಉತ್ತರ ಬರೆಯುತ್ತಾರೆ, ಆಮೇಲೆ ಏನಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಹತ್ತರಲ್ಲಿ ಯಾವ ಸಲಹೆ ಫಲಿಸಿತು? ಕಾಳನ್ನು ಬೇರೆ ನೀರಿನಲ್ಲಿ ಬೇಯಿಸಿ ನೋಡಿದಿರಾ? ಹುಳಿ ಕೊನೆಗೆ ಹಾಕಿದಿರಾ? ಎರಡೇ ಸಾಲು ಸಾಕು. ನೀರು ಬದಲಿಸಿದೆ, ಏನೂ ವ್ಯತ್ಯಾಸವಾಗಲಿಲ್ಲ ಅಂತ ಬರೆದರೂ ಅದು ಉಪಯೋಗದ ಮಾತೇ. ಕಾಳಿಗೆ ಅಡುಗೆ ಸೋಡಾ ಹಾಕಿದೆ, ಬೇಗ ಬೆಂದಿತು, ಆದರೆ ಸಿಪ್ಪೆ ಬಿಟ್ಟುಕೊಂಡಿತು ಅಂತ ಬರೆದರೆ ಇನ್ನೂ ಒಳ್ಳೆಯದು, ಮುಂದಿನ ಸಲ ಅದೇ ಪ್ರಶ್ನೆ ಹಿಡಿದು ಬರುವವರಿಗೆ ಅದು ಸಿಗುತ್ತದೆ. ಎಷ್ಟು ಕಾಳಿಗೆ ಎಷ್ಟು ಸೋಡಾ ಅಂತಲೂ ಬರೆಯಿರಿ, ಗ್ರಾಂ ಲೆಕ್ಕದಲ್ಲಿ.