ಕಾಕಾನ ಮಾತು ಇನ್ನೂ ಮುಗಿದಿರಲಿಲ್ಲ

ಹೋದ ವಾರ ಆಳಂದ ತಾಲೂಕಿನ ನಮ್ಮೂರಿಗೆ ಹೋಗಿದ್ದೆ. ನಮ್ಮ ತಂಡ ಕಟ್ಟುತ್ತಿರುವ, ಕನ್ನಡದಲ್ಲಿ ಮಾತಾಡುವ ಎಐ ಫೋನಿನಲ್ಲಿತ್ತು. ಕಾಕಾನ ಕೈಗೆ ಕೊಟ್ಟು, "ಏನಾರ ಕೇಳ್ರಿ ಕಾಕಾ" ಅಂದೆ. ಕಟ್ಟೆಯ ಮೇಲೆ ಕೂತು ಫೋನನ್ನು ಬಾಯಿ ಹತ್ತಿರ ಹಿಡಿದು ಶುರು ಮಾಡಿದರು.

"ನಮ್ಮ ತೊಗರಿಗಿ ನೆಟಿ ಹತ್ಯಾದ. ಎಲ್ಲಾ ಕಡಿ ಇಲ್ಲ... ಅಂದ್ರ..."

ಆ "ಅಂದ್ರ" ಆದಮೇಲೆ ಹೊಲದ ಕಡೆ ನೋಡಿ ಉಸಿರು ತಗೊಂಡರು. ಅಷ್ಟರಲ್ಲಿ ಫೋನು ಉತ್ತರ ಶುರು ಮಾಡಿಬಿಟ್ಟಿತ್ತು. ಅದೂ ಇಂಟರ್‌ನೆಟ್ ಬಗ್ಗೆ! ತೊಗರಿ ಗಿಡ ಒಣಗಿಸುವ ನೆಟೆ ರೋಗದ "ನೆಟಿ" ಅದಕ್ಕೆ "ನೆಟ್" ಎಂದು ಕೇಳಿಸಿತ್ತು. ಕಾಕಾ ಫೋನ್ ವಾಪಸ್ ಕೊಟ್ಟರು. "ಮಾತು ಮುಗಿತನಕ ತಡೀಲಿಲ್ಲ ನೋಡ್ ಯವ್ವಾ."

ಶಬ್ದ ತಪ್ಪಿದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ. ತಡೀಲಿಲ್ಲ ಅನ್ನೋದಕ್ಕೆ ಇತ್ತು. ಎರಡು ದಿನ ಅದೇ ಮಾತು ತಲೆಯಲ್ಲಿ ಕೂತಿದೆ, ಅದಕ್ಕೇ ಬರೀತಿದೀನಿ.

ಈ ಕೆಲಸಕ್ಕೆ ಬರೋ ಮೊದಲು ಆರು ವರ್ಷ ನಾನು ಮನುಷ್ಯರು ಮತ್ತು ರೋಬೋಟ್‌ಗಳ ಒಡನಾಟದ ಸಂಶೋಧನೆಯಲ್ಲಿದ್ದೆ. ರೋಬೋಟ್ ಎಷ್ಟು ದೂರ ನಿಲ್ಲಬೇಕು, ಯಾವಾಗ ಮುಖ ನೋಡಬೇಕು, ಯಾವಾಗ ತಲೆ ಆಡಿಸಬೇಕು ಅನ್ನೋದೇ ನಮ್ಮ ಪ್ರಶ್ನೆ. ನಮ್ಮ ಹತ್ತಿರ ಇದ್ದದ್ದು "ನಾವೋ" (NAO) ಎಂಬ 58 ಸೆಂಟಿಮೀಟರ್ ಎತ್ತರದ ರೋಬೋಟ್. ಎಷ್ಟೋ ಪ್ರಯೋಗಗಳಲ್ಲಿ ಅದನ್ನು ಪಕ್ಕದ ಕೋಣೆಯಿಂದ ಮನುಷ್ಯರೇ ನಡೆಸುತ್ತೇವೆ, ಬಂದವರಿಗೆ ಕೊನೆಯಲ್ಲಿ ವಿಷಯ ತಿಳಿಸುತ್ತೇವೆ. ಒಮ್ಮೆ ಒಬ್ಬ ಅಜ್ಜಿ ತೀರಿಹೋದ ಗಂಡನ ಬಗ್ಗೆ ಅದರ ಮುಂದೆ ಹೇಳಿಕೊಳ್ಳುತ್ತಿದ್ದರು. ಟಿಪ್ಪಣಿ ಬರೆಯುತ್ತಾ ನಾನು ಬಟನ್ ಒತ್ತೋದು ಮರೆತೆ. ರೋಬೋಟ್ ತಲೆ ಆಡಿಸಲಿಲ್ಲ. ಅಜ್ಜಿ ವಾಕ್ಯದ ನಡುವೆಯೇ ನಿಂತುಬಿಟ್ಟರು, ಸೆರಗು ಸರಿಮಾಡಿಕೊಂಡರು. ನಾನು ಗಾಬರಿಯಾಗಿ ಒತ್ತಿದೆ, ಅದು ತಲೆ ಆಡಿಸಿತು, ಅವರು ಬಿಟ್ಟಲ್ಲಿಂದಲೇ ಮುಂದುವರಿಸಿದರು.

ಇದಕ್ಕೆ ಕನ್ನಡದಲ್ಲಿ ಎಷ್ಟು ಚೆಂದದ ಮಾತಿದೆ: ಹೂಂಗುಟ್ಟುವುದು. ನಮ್ಮ ಆಯಿ ಕತೆ ಹೇಳುವಾಗ ನಾವು ಹೂಂ ಅನ್ನದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು.

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ಅಲ್ಲಿಯವರೆಗೆ ನಮ್ಮ ರೋಬೋಟ್‌ಗಳಿಗೆ ಕೇಳಿಸಿಕೊಳ್ಳುವ ಭಂಗಿ ಇತ್ತು, ಆಡಲು ಮಾತಿರಲಿಲ್ಲ. ಈಗ ಮಾತು ಬಂತು. ರೋಬೋಟ್ ನಮ್ಮೂರಿಗೆ ಬರೋದು ದೂರದ ಮಾತು, ಫೋನು ಆಗಲೇ ಬಂದಿದೆ. ಆ ಲೆಕ್ಕದ ಮೇಲೆ ನಾನು ದಾರಿ ಬದಲಿಸಿದೆ. "ಇಷ್ಟು ವರ್ಷದ ಓದು ನೀರಾಗ ಹೋತಲ್ಲ" ಅಂದವರಿದ್ದಾರೆ. ಹೋಗಿಲ್ಲ. ಅಲ್ಲಿ ಕಲಿತದ್ದರ ಕೊರತೆಯೇ ಇಲ್ಲಿ ಎದ್ದು ಕಾಣುತ್ತಿದೆ.

ಹೊಸ ಕೆಲಸದಲ್ಲಿ ಮೊದಲ ದಿನದಿಂದ ಕೇಳಿದ್ದು ಒಂದೇ: ಬೇಗ ಉತ್ತರ ಬರಬೇಕು. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಅಧ್ಯಯನವೊಂದಿದೆ. ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಎಲ್ಲರೂ ಈ ಅಂಕಿ ಹಿಡಿದು ಓಡುತ್ತಾರೆ. ಮನುಷ್ಯರು ಅಷ್ಟು ಬೇಗ ಉತ್ತರಿಸೋದು ಮಾತು ಎಲ್ಲಿ ಮುಗಿಯುತ್ತದೆ ಅನ್ನೋದನ್ನು ಕೇಳುತ್ತಲೇ ಊಹಿಸೋದರಿಂದ. ಬಹಳಷ್ಟು ಯಂತ್ರಗಳು ಮಾಡೋದು ಬೇರೆ: ಒಂದಿಷ್ಟು ಹೊತ್ತು ಸದ್ದಿಲ್ಲ ಅಂದರೆ ಮಾತು ಮುಗಿಯಿತು ಅಂತ ತಿಳಿಯುವುದು. "ಅಂದ್ರ" ಅಂದಮೇಲೆ ಮಾತು ಬಾಕಿ ಇದೆ ಅಂತ ನಮ್ಮೂರಿನ ಐದು ವರ್ಷದ ಕೂಸಿಗೂ ಗೊತ್ತು. ಎಷ್ಟು ಬೇಗ ಉತ್ತರಿಸಿತು ಅನ್ನೋದನ್ನು ಅಳೆಯುವಾಗ, ಎಷ್ಟು ಸಲ ಬಾಯಿ ಹಾಕಿತು ಅನ್ನೋದನ್ನೂ ಅಳೆಯಲೇಬೇಕು. ನಮ್ಮ ತಂಡದಲ್ಲಿ ಇದಕ್ಕಾಗಿ ಜಗಳ ಆಡಿದ್ದೇನೆ, ಇನ್ನೂ ಆಡುತ್ತೇನೆ.

1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದರು. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ. ಆದರೂ ಅವರ ಕಾರ್ಯದರ್ಶಿ ಅದರ ಜೊತೆ ಒಂಟಿಯಾಗಿ ಮಾತಾಡಬೇಕೆಂದು ಅವರನ್ನೇ ಕೋಣೆಯಿಂದ ಹೊರಗೆ ಹೋಗಲು ಹೇಳಿದರಂತೆ. ಜನ ಅಷ್ಟು ಬೇಗ ನಂಬುತ್ತಾರೆ. ಅದಕ್ಕೇ ಈ ಕೆಲಸ ನನಗೆ ಹಗುರ ಅನ್ನಿಸುವುದಿಲ್ಲ.

ಭಾಷೆಯ ಮಾತು ಬೇರೆಯೇ ಇದೆ. ಯಂತ್ರ ಕಲಿತ ಕನ್ನಡದಲ್ಲಿ ಪತ್ರಿಕೆಯ ಕನ್ನಡವೇ ಹೆಚ್ಚು. ನಮ್ಮ ಕಡೆಯ "ಬರ್ಲತ್ತಾನ" (ಬರುತ್ತಿದ್ದಾನೆ), "ಜರಾ ಸಬರ್ ಮಾಡು" (ಸ್ವಲ್ಪ ತಾಳು) ಅದಕ್ಕೆ ಹೊಸದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ದಾಖಲಿಸುತ್ತಿರುವುದು ಒಳ್ಳೆಯ ಹೆಜ್ಜೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕಂಪ್ಯೂಟರ್ ಓದುತ್ತಿರುವ ತಮ್ಮ ತಂಗಿಯರಿಗೆ ನನ್ನ ವಿನಂತಿ: ಈ ಕ್ಷೇತ್ರಕ್ಕೆ ಬನ್ನಿ, ನಿಮ್ಮ ಮನೆಮಾತು ಬಿಟ್ಟು ಬರಬೇಡಿ.

ಮರುದಿನ ಬೆಳಿಗ್ಗೆ ಎಐ ಇಲ್ಲದೆ ಬರೀ ರೆಕಾರ್ಡರ್ ಇಟ್ಟುಕೊಂಡು, "ನಿನ್ನೆ ಹೇಳಿದ್ದು ಇನ್ನೊಮ್ಮಿ ಹೇಳ್ರಿ ಕಾಕಾ" ಅಂದೆ. ನಾನು ಹೂಂ ಅನ್ನುತ್ತಾ ಕೂತೆ. "ಅಂದ್ರ" ಬಂತು. ಅದಾದಮೇಲಿನ ಮೌನ ಅಳೆದು ನೋಡಿದೆ, ಸುಮಾರು ಎರಡು ಸೆಕೆಂಡು. ಆಮೇಲೆ ಬಂದ ಮಾತು ಇದು:

"ಕೆಳಗಿನ ಹೊಲದಾಗ ಮೂರು ವರ್ಷ ಆತು, ತೊಗರಿ ಮ್ಯಾಗ ತೊಗರಿನೇ ಬಿತ್ತೀನಿ. ಮ್ಯಾಗಿನ ಹೊಲಕ್ಕ ಹೋದ್ ವರ್ಷ ಜ್ವಾಳ ಹಾಕಿದ್ದೆ. ಅಲ್ಲಿ ಏನೂ ಆಗಿಲ್ಲ."

ನೆಟೆಯ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಬೆಳೆ ಬದಲಿಸಿದರೆ ಕಡಿಮೆಯಾಗುತ್ತದೆ. ಕಾಕಾ ಕೇಳಬೇಕೆಂದಿದ್ದ ಪ್ರಶ್ನೆ ಆ ಎರಡು ಸೆಕೆಂಡಿನ ಆಚೆಗಿತ್ತು.