ಶುಕ್ರವಾರದ ಡಾಲರ್ ಲೆಕ್ಕ

ಶುಕ್ರವಾರ ಸಂಜೆ ಆದರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬಂದೇ ಬರುತ್ತದೆ. ದೇಶದ ವಿದೇಶಿ ವಿನಿಮಯ ಮೀಸಲು, ಅಂದರೆ ರಿಸರ್ವ್ ಬ್ಯಾಂಕ್ ಕೂಡಿಟ್ಟ ಡಾಲರ್, ಚಿನ್ನ ಇತ್ಯಾದಿ, ಈ ವಾರ ಇಷ್ಟು ಏರಿತು ಅಂತ. ಕೆಳಗೆ ಬಾವುಟ, ಚಪ್ಪಾಳೆ. ಇಳಿದ ವಾರ ಯಾರೂ ಏನೂ ಹಾಕುವುದಿಲ್ಲ, ಅದು ಬೇರೆ ಮಾತು. 2024ರ ಸೆಪ್ಟೆಂಬರ್ ಕೊನೆಗೆ ಆ ಅಂಕಿ 70,000 ಕೋಟಿ ಡಾಲರ್ ದಾಟಿದಾಗಂತೂ ಗ್ರೂಪಿನಲ್ಲಿ ಹಬ್ಬ.

ನನಗೂ ಖುಷಿಯೇ. ಆದರೆ ಆ ಒಂದೇ ಅಂಕಿ ಹಿಡಿದು ಎದೆ ಉಬ್ಬಿಸುವವರನ್ನು ಕಂಡರೆ ನನಗೆ ಶ್ರೀಲಂಕಾ ನೆನಪಾಗುತ್ತದೆ.

2022ರ ಮಾರ್ಚ್ ಕೊನೆಗೆ ಅಲ್ಲಿನ ಸೆಂಟ್ರಲ್ ಬ್ಯಾಂಕಿನ (ನಮ್ಮ ರಿಸರ್ವ್ ಬ್ಯಾಂಕಿನಂಥದ್ದು) ಲೆಕ್ಕದಲ್ಲಿ ಸುಮಾರು 190 ಕೋಟಿ ಡಾಲರ್ ಇತ್ತು. ಕಡಿಮೆಯೇ, ಆದರೂ ಸೊನ್ನೆ ಅಲ್ಲವಲ್ಲ? ಅದರಲ್ಲಿ ಸುಮಾರು 150 ಕೋಟಿ ಡಾಲರಿನಷ್ಟು ಚೀನಾದ ಯುವಾನ್ ಸ್ವಾಪ್. ಅಂದರೆ ಎರಡು ಸೆಂಟ್ರಲ್ ಬ್ಯಾಂಕುಗಳು ತಮ್ಮ ತಮ್ಮ ಕರೆನ್ಸಿಯನ್ನು ಸ್ವಲ್ಪ ಕಾಲಕ್ಕೆ ಅದಲು ಬದಲು ಮಾಡಿಕೊಳ್ಳುವ ವ್ಯವಸ್ಥೆ. ಅದಕ್ಕೊಂದು ಷರತ್ತು. ಮೂರು ತಿಂಗಳ ಆಮದಿಗೆ ಸಾಕಾಗುವಷ್ಟು ಮೀಸಲು ನಿಮ್ಮ ಹತ್ತಿರ ಇದ್ದರೆ ಮಾತ್ರ ಈ ದುಡ್ಡು ಮುಟ್ಟಬಹುದು. ಅಷ್ಟಿದ್ದಿದ್ದರೆ ಇದನ್ನು ಯಾಕೆ ಮುಟ್ಟುತ್ತಿದ್ದರು, ಅಲ್ವಾ?

ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸುತ್ತೇವೆ ಅಂದರು. ಮೇ ತಿಂಗಳಲ್ಲಿ ಹಣಕಾಸು ಸಚಿವ ಅಲಿ ಸಬ್ರಿ ಸಂಸತ್ತಿನಲ್ಲೇ ಬಾಯಿಬಿಟ್ಟರು: ಖರ್ಚಿಗೆ ಸಿಗುವ ಡಾಲರ್ 5 ಕೋಟಿಯೂ ಇಲ್ಲ. ಅದೇ ಹೊತ್ತಿಗೆ ಪೆಟ್ರೋಲ್ ತುಂಬಿದ ಹಡಗೊಂದು ಮಾರ್ಚ್ 28ರಿಂದ ಅವರ ಸಮುದ್ರದಲ್ಲೇ ಲಂಗರು ಹಾಕಿ ನಿಂತಿತ್ತು. ದಡದ ಮೇಲೆ ಬಂಕುಗಳ ಮುಂದೆ ಜನ ಕ್ಯೂ ನಿಂತಿದ್ದಾರೆ. ಪೆಟ್ರೋಲ್ ಬಂದಿದೆ, ಇಳಿಸಿಕೊಳ್ಳಲು ಡಾಲರ್ ಇಲ್ಲ. ಸಾಲದ್ದಕ್ಕೆ ಹಿಂದಿನ ಲೋಡಿನ 5.3 ಕೋಟಿ ಡಾಲರ್ ಬಾಕಿ ಬೇರೆ.

1997ರ ಥಾಯ್ಲೆಂಡಿನದು ಇನ್ನೂ ನಾಜೂಕಿನ ಕೆಲಸ. ತಮ್ಮ ಕರೆನ್ಸಿ ಬಾತ್‌ನ ಬೆಲೆ ಬೀಳದಂತೆ ಹಿಡಿಯಲು ಅಲ್ಲಿನ ಸೆಂಟ್ರಲ್ ಬ್ಯಾಂಕ್ ಡಾಲರನ್ನು ಫಾರ್ವರ್ಡ್ ಕರಾರಿನಲ್ಲಿ ಮಾರುತ್ತಾ ಹೋಯಿತು. ರೇಟ್ ಇವತ್ತು ಮಾತಾಡಿಕೊಳ್ಳುವುದು, ಡಾಲರ್ ಕೊಡುವುದು ಕೆಲವು ತಿಂಗಳಾದ ಮೇಲೆ. ಅಲ್ಲಿಯವರೆಗೂ ಮೀಸಲಿನ ಅಂಕಿ ಇಳಿಯುವುದಿಲ್ಲ. ಅಗ್ರಿಮೆಂಟ್ ಆದ ಸೈಟನ್ನು ಇನ್ನೂ ನಮ್ಮದೇ ಅಂತ ತೋರಿಸಿಕೊಂಡು ಓಡಾಡಿದ ಹಾಗೆ. ಜುಲೈ 2ಕ್ಕೆ ಬಾತನ್ನು ಹಿಡಿಯಲಾಗದೆ ಕೈಬಿಟ್ಟರು. ಆಗಸ್ಟಿನಲ್ಲಿ ನಿಜ ಹೊರಬಂತು. ಪುಸ್ತಕದಲ್ಲಿದ್ದ ಸುಮಾರು 3,000 ಕೋಟಿ ಡಾಲರಿಗೆ ಎದುರಾಗಿ 2,300 ಕೋಟಿಗೂ ಜಾಸ್ತಿ ಮುಂದೆ ಕೊಡಬೇಕಾದದ್ದೇ ಇತ್ತು.

ನಮ್ಮ 1991ರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ವಾರದ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡವಿಟ್ಟು 40 ಕೋಟಿ ಡಾಲರ್ ಚಿಲ್ಲರೆ ತಂದಿತು. ಏರ್‌ಪೋರ್ಟಿಗೆ ಹೊರಟ ಚಿನ್ನದ ವ್ಯಾನಿನ ಟಯರ್ ದಾರಿಯಲ್ಲೇ ಒಡೆದು ನಿಂತಿತಂತೆ. ಕಾವಲಿನವರ ಎದೆ ಹೇಗೆ ಹೊಡೆದುಕೊಂಡಿರಬೇಕು ನೋಡಿ.

ಈಗಿನ ಸ್ಥಿತಿಗೂ ಅದಕ್ಕೂ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ. ಆದರೂ ಒಂದು ಮಾತು. 2025ರ ಫೆಬ್ರುವರಿ ಕೊನೆಗೆ ನಮ್ಮ ರಿಸರ್ವ್ ಬ್ಯಾಂಕ್ ಫಾರ್ವರ್ಡ್ ಕರಾರುಗಳಲ್ಲಿ ಮುಂದೆ ಕೊಡಬೇಕಾಗಿದ್ದ ಡಾಲರ್ 8,800 ಕೋಟಿಗೂ ಜಾಸ್ತಿ. ಆಗ ಮೀಸಲು 63,000 ಕೋಟಿಯ ಮೇಲಿತ್ತು, ಹಾಗಾಗಿ ಗಾಬರಿ ಬೀಳುವಂಥದ್ದಲ್ಲ. ಮುಚ್ಚಿಟ್ಟದ್ದೂ ಅಲ್ಲ, ಪ್ರತಿ ತಿಂಗಳ ಬುಲೆಟಿನ್‌ನಲ್ಲಿ ಅವರೇ ಹಾಕುತ್ತಾರೆ. ನಾವು ಓದುವುದಿಲ್ಲ, ಅಷ್ಟೇ.

ಇನ್ನು ಈ ಮೀಸಲು ದುಡಿದ ದುಡ್ಡಾ? ಚೀನಾ ಬಹಳ ವರ್ಷ ರಫ್ತಿನಲ್ಲಿ ಉಳಿಸಿ ಕೂಡಿಟ್ಟಿತು. ನಮಗೆ ಹೆಚ್ಚಿನ ವರ್ಷ ಚಾಲ್ತಿ ಖಾತೆಯಲ್ಲಿ, ಅಂದರೆ ರಫ್ತು, ಆಮದು, ಹೊರಗಿನಿಂದ ಮನೆಗೆ ಬರುವ ಹಣ ಇವೆಲ್ಲದರ ಲೆಕ್ಕದಲ್ಲಿ, ಕೊರತೆಯೇ. ಹಾಗಾಗಿ ನಮ್ಮ ರಾಶಿಯಲ್ಲಿ ಹೊರಗಿನವರು ಷೇರಿಗೆ ಹಾಕಿದ್ದು, ಕಂಪನಿಗಳು ತಂದ ಸಾಲ, ಎನ್‌ಆರ್‌ಐಗಳ ಠೇವಣಿ, ಎಲ್ಲವೂ ಸೇರಿದೆ. ಬಂದವರು ಒಂದು ದಿನ ವಾಪಸ್ ಕೇಳಬಹುದು. ಕೆಲವು ವಾರ ಒಂದು ಡಾಲರೂ ಹೊಸದಾಗಿ ಬರದೆ, ಚಿನ್ನದ ಬೆಲೆ ಏರಿದ್ದಕ್ಕೋ ಯೂರೋ ಗಟ್ಟಿಯಾಗಿದ್ದಕ್ಕೋ ಅಂಕಿ ಮೇಲೆ ಹೋಗಿರುತ್ತದೆ. ಅದಕ್ಕೂ ಚಪ್ಪಾಳೆ!

"ಅಷ್ಟು ದುಡ್ಡು ಸುಮ್ನೆ ಇಟ್ಟುಕೊಂಡು ಏನು ಮಾಡ್ತಾರೆ, ರಸ್ತೆ ಮಾಡಬಾರದಾ?" ಅಂತ ಕೇಳುವವರೂ ಇದ್ದಾರೆ. ಆ ಡಾಲರ್ ಕೊಳ್ಳಲು ರಿಸರ್ವ್ ಬ್ಯಾಂಕ್ ಆಗಲೇ ರೂಪಾಯಿ ಕೊಟ್ಟಾಗಿದೆ ಸ್ವಾಮಿ. ಅದು ಸರ್ಕಾರದ ಲಾಭವಲ್ಲ.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಒಂದು ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲ ಎಷ್ಟು ಅನ್ನುವುದನ್ನು. ಮೀಸಲು ಕನಿಷ್ಠ ಅಷ್ಟಾದರೂ ಇರಬೇಕು ಅಂತ 1999ರಲ್ಲಿ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ಪಾಬ್ಲೊ ಗಿಡೋಟಿ ಹೇಳಿದ್ದರು. ಥಾಯ್ಲೆಂಡಿನಿಂದ ಶುರುವಾದ ಏಷ್ಯಾದ ಪೆಟ್ಟು ಇನ್ನೂ ಹಸಿಯಾಗಿದ್ದ ಹೊತ್ತು ಅದು. ಈ ಶುಕ್ರವಾರ ಗ್ರೂಪಿಗೆ ಫಾರ್ವರ್ಡ್ ಬಂದಾಗ, ಆ ಇನ್ನೊಂದು ಫಾರ್ವರ್ಡ್ ಎಷ್ಟಿದೆ ಅಂತ ಕೇಳೋಣ ಅಂತಿದ್ದೇನೆ. ಗ್ರೂಪಿನಿಂದ ತೆಗೆದು ಹಾಕಿದರೆ ಇಲ್ಲೇ ಬಂದು ಹೇಳುತ್ತೇನೆ.